ಆಟಿ ಕಷಾಯ, ಬುಧವಾರದ ಸೂಜಿ

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಚುಚ್ಚುಮದ್ದಿಗೆ ಬರಲು ಆಶಾ ಕಾರ್ಯಕರ್ತೆ ಎರಡು ಸಲ ಹೇಳಿ ಹೋದರು. ಅತ್ತೆಗೆ ಇಷ್ಟ ಇಲ್ಲ. ಅವರಿಗೆ ಅರುವತ್ತೆಂಟು ವರ್ಷ. "ನಾವು ಆಟಿ (ತುಳುವರ ಮಳೆಗಾಲದ ತಿಂಗಳು) ಅಮಾವಾಸ್ಯೆಯ ಕಷಾಯ ಕುಡಿದು ಬೆಳೆದವರು, ಮನೆ ದೈವ ಕಾಯುತ್ತದೆ, ರೋಗ ಒಮ್ಮೆ ಬಂದು ಹೋದರೆ ಮೈಗೇ ಶಕ್ತಿ ಬರುತ್ತದೆ" ಅನ್ನುತ್ತಾರೆ. ಗಂಡ ಗಲ್ಫಿನಲ್ಲಿ. ಅತ್ತೆಯ ಮಾತು ಮೀರಲು ಭಯ. ಏನು ಮಾಡಲಿ?
– ಒಬ್ಬಳು ಸೊಸೆ, ಪೆರ್ಲ (ಕಾಸರಗೋಡು)

ಉತ್ತರ: ತಂಗೀ, ಮೊದಲು ಒಂದು ಕೆಲಸ ಮಾಡು. ಅತ್ತೆ ಮಿಂದು ತಲೆ ಒಣಗಿಸುತ್ತಾ ಕೂತಾಗ ಅವರ ತೋಳು ನೋಡು. ನಾಲ್ಕಾಣೆಯಷ್ಟು ದುಂಡಗಿನ ಕಲೆ ಇರಬೇಕು, ಒಂದೋ ಎರಡೋ. ಅದು ಸಿಡುಬಿಗೆ ಹಾಕಿದ ಲಸಿಕೆಯ ಗುರುತು. ದೇವಿ ಹಾಕಿಸುವುದು ಅಂತಿದ್ದರು. ಇಲ್ಲಿನ ಮಲಯಾಳಿಗಳ ಬಾಯಲ್ಲಿ ಅದು ಅಚ್ಚುಕುತ್ತು. ಅತ್ತೆ ಕಷಾಯವನ್ನೂ ಕುಡಿದರು, ಸೂಜಿಯನ್ನೂ ಚುಚ್ಚಿಸಿಕೊಂಡರು. ಕಷಾಯ ಪ್ರತಿವರ್ಷ ಬರುತ್ತದೆ, ಹಾಗಾಗಿ ನೆನಪಿದೆ. ಸೂಜಿ ಮರೆತುಹೋಯಿತು. ನಮ್ಮ ದೇಶದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಮಾರಿಯಮ್ಮನಿಗೆ ಪೂಜೆ ಅದರ ನಂತರವೂ ನಿಂತಿಲ್ಲ, ಅಲ್ವಾ?

ಆಟಿಯ ಕಷಾಯ ನಾನೂ ಕುಡಿಯುತ್ತೇನೆ. ಬೆಳಕು ಹರಿಯುವ ಮೊದಲೇ ತಮ್ಮ ಹೋಗಿ ಹಾಲೆ ಮರದ ಕೆತ್ತೆ (ತೊಗಟೆ) ತರುತ್ತಾನೆ, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ. ಬೆಳ್ಳುಳ್ಳಿ, ಓಮ, ಕಾಳುಮೆಣಸು ಅರೆದು ಸೇರಿಸಿ ಕುಡಿಯುವುದು. ಆ ಕಹಿ ಇಳಿಯಲು ಮೇಲಿಂದ ಮೆಂತೆ ಗಂಜಿ. ಕುಡಿದರೆ ನನಗೆ ಸಮಾಧಾನ, ಅಷ್ಟೇ. ಅದು ದಡಾರ ತಡೆಯುವುದಿಲ್ಲ. ಮಗುವಿಗೆ ಮಾತ್ರ ಒಂದು ಹನಿಯೂ ಬೇಡ. ದೊಡ್ಡವರಿಗೂ ಮರ ಗುರುತಿಲ್ಲದವರು ತಂದದ್ದು ಬೇಡ. ಕತ್ತಲಲ್ಲಿ ಹಾಲೆ ಅಂತ ಕಾಸರಕದ ಕೆತ್ತೆ ತಂದರೆ ಪ್ರಾಣಕ್ಕೇ ಬರುತ್ತದೆ. (ಕಾಸರಗೋಡು ಅನ್ನುವ ಹೆಸರೇ ಆ ವಿಷದ ಮರದಿಂದ ಬಂತು ಅನ್ನುವವರೂ ಇದ್ದಾರೆ!)

ಮೈಯ ಸ್ವಂತ ಶಕ್ತಿ ಅಂತ ಅತ್ತೆ ಹೇಳುವುದು ಸುಮ್ನೆ ಅಲ್ಲ. ನಿನ್ನ ಮಗ ಅದನ್ನು ಪಡೆದುಕೊಂಡೇ ಹುಟ್ಟಿದ್ದಾನೆ, ನಿನ್ನ ಹೊಟ್ಟೆಯಲ್ಲಿದ್ದಾಗ ನಿನ್ನಿಂದ. ಆದರೆ ಆ ಬಳುವಳಿ ಕೆಲವು ತಿಂಗಳಿಗೆ ಮಾತ್ರ. ಮೆಲ್ಲ ಕರಗುತ್ತಾ ಬರುತ್ತದೆ. ಅದು ಪೂರಾ ಇರುವಾಗ ಚುಚ್ಚಿದರೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಒಂಬತ್ತು ತಿಂಗಳವರೆಗೆ ಕಾಯುವುದು. ಈಗ ಅವನು ಬರಿಗೈಯಲ್ಲಿದ್ದಾನೆ.

ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅದೂ ನಿಜ. ಆದರೆ ಬಂದಾಗ ಅದು ತೆಗೆದುಕೊಳ್ಳುವ ಬಾಡಿಗೆ ಜಾಸ್ತಿ. ಕಫ ಎದೆಗಿಳಿದು ನ್ಯುಮೋನಿಯಾ ಆಗಬಹುದು, ಕಣ್ಣು ಹೋಗಬಹುದು, ಮಿದುಳಿಗೆ ಏರಬಹುದು. ಇನ್ನೊಂದು ತಮಾಷೆ ನೋಡು: ಬೇರೆ ರೋಗಗಳ ಜತೆ ಹೋರಾಡಿ ಮೈ ಕಲಿತ ಪಾಠದಲ್ಲೂ ಒಂದಷ್ಟನ್ನು ದಡಾರ ಅಳಿಸಿ ಹಾಕುತ್ತದೆ. ಇದ್ದ ಶಕ್ತಿಯೇ ಕುಗ್ಗುತ್ತದೆ. ಧನುರ್ವಾಯು ಇನ್ನೂ ವಿಚಿತ್ರ. ಬಂದು ಬದುಕಿದರೂ ಮೈಗೆ ಶಕ್ತಿ ಬರುವುದೇ ಇಲ್ಲ, ಸೂಜಿಯೇ ಬೇಕು.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ ಹೇಳಲಾ? 1989ರಲ್ಲಿ ನನ್ನ ಮಗಳಿಗೆ ಚುಚ್ಚಬೇಕಿದ್ದ ಬುಧವಾರದ ವಾರವೇ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ನೇಮ. ಮಗುವಿಗೆ ಜ್ವರ ಬಂದರೆ ಕಷ್ಟ, ಮುಂದಿನ ವಾರ ನೋಡುವ ಅಂದೆ. ಮುಂದಿನ ವಾರ ಮಳೆ. ಆಮೇಲೆ ಮರೆತೆ. ಊರಿನ ಮಕ್ಕಳಿಗೆಲ್ಲ ಚುಚ್ಚುವ ಸಿಸ್ಟರ್ ನಾನು! ಎರಡು ವರ್ಷ ತುಂಬುವಾಗ ಮೈತುಂಬ ಎದ್ದಿತು. ಕಹಿಬೇವಿನ ಸೊಪ್ಪಿನ ಮೇಲೆ ಮಲಗಿಸಿದೆವು, ಹರಕೆ ಹೇಳಿಕೊಂಡೆವು. ಐದನೇ ದಿನ ಉಸಿರು ಎಳೆಯತೊಡಗಿದಾಗ ಜೀಪು ಹಿಡಿದು ತಲಪಾಡಿ ದಾಟಿ ಮಂಗಳೂರಿಗೆ ಓಡಿದೆವು. ಬದುಕಿದಳು. ಬಲ ಕಿವಿ ಸೋರಿ ಸೋರಿ ಹೋಯಿತು. ಇವತ್ತಿಗೂ ಫೋನನ್ನು ಎಡ ಕಿವಿಗೇ ಹಿಡಿಯುತ್ತಾಳೆ. ದೈವದ ಮೇಲೆ ನನಗೆ ಸಿಟ್ಟಿಲ್ಲ. ಆ ಬುಧವಾರ ತಪ್ಪಿಸಿದ್ದು ದೈವ ಅಲ್ಲವಲ್ಲ.

ಅತ್ತೆಯ ಸಂಶಯವನ್ನು ಮಾತ್ರ ಬೈಯಬೇಡ. ನಮ್ಮ ಬದಿಯಲ್ಲಿ ಔಷಧಿಗೂ ಮದ್ದು, ತೋಟಕ್ಕೆ ಬಿಡುವುದಕ್ಕೂ ಮದ್ದು. ಪೆರ್ಲ, ಪಡ್ರೆ ಬದಿಯ ಗೇರು ಗುಡ್ಡೆಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಅಂತ ಹೇಳಿದ್ದೂ ಓದಿದವರೇ. ಆ ಬದಿಯ ಮನೆಗಳಿಗೆ ನಾನು ಹೋಗಿದ್ದೇನೆ, ಅಂಗವೈಕಲ್ಯದ ಆ ಮಕ್ಕಳನ್ನು ಎತ್ತಿಕೊಂಡಿದ್ದೇನೆ. ಮದ್ದು ಅಂದರೆ ಬೆಚ್ಚುವವರು ದಡ್ಡರಲ್ಲ. ಆದರೆ ಅದು ಕೀಟ ಕೊಲ್ಲುವ ವಿಷ. ಈ ಲಸಿಕೆ ಮೈಗೆ ಪಾಠ ಹೇಳುವುದು, ಅತ್ತೆ ಹೇಳುವ ಅದೇ ಶಕ್ತಿಯನ್ನು ರೋಗ ಬರುವ ಮೊದಲೇ ಎಬ್ಬಿಸುವುದು. ಹೀಗೇ ಹೇಳಿ ನೋಡು.

ಬರುವ ಬುಧವಾರ ಅತ್ತೆಯನ್ನೂ ಕರೆದುಕೊಂಡು ಹೋಗು. ದೈವಕ್ಕೆ ಕೈಮುಗಿದೇ ಹೊರಡಿ, ಬೇಕಾದರೆ ಮುಡಿಪು ಕಟ್ಟಿಡಿ. ಚುಚ್ಚುವಾಗ ಮಗು ಅಜ್ಜಿಯ ತೊಡೆಯ ಮೇಲೆಯೇ ಇರಲಿ. ಬಾಯಿಗೆ ವಿಟಮಿನ್ ಎ ಹನಿಯನ್ನೂ ಹಾಕುತ್ತಾರೆ. ಕಾರ್ಡು ಮರೆಯಬೇಡ, ಹದಿನಾರು ತಿಂಗಳು ತುಂಬಿದ ಮೇಲೆ ಇನ್ನೊಂದು ಸೂಜಿ ಇದೆ. ವಾರ, ಹತ್ತು ದಿನ ಕಳೆದು ಸಣ್ಣ ಜ್ವರ, ಮೈಮೇಲೆ ನಾಲ್ಕು ಕೆಂಪು ಗುಳ್ಳೆ ಬಂದರೆ ಗಾಬರಿ ಬೇಡ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. "ನೋಡು, ಹೇಳಲಿಲ್ವಾ ನಾನು" ಅಂತ ಅತ್ತೆ ಅಂದೇ ಅನ್ನುತ್ತಾರೆ. ಅದಕ್ಕೇ ಈ ಸಂಗತಿ ಅವರಿಗೆ ಮೊದಲೇ ಹೇಳಿಟ್ಟುಕೋ.