ಬೀಗ ಇರಲಿ, ಬಿಗಿ ಬೇಡ: ಪಟಾಕಿ ಹವ್ಯಾಸಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಾಣಬಿರುಸುಗಳನ್ನು ಡಬ್ಬಿಗಳಿಂದ ಬಿಚ್ಚಿ ಕಬ್ಬಿಣದ ಟ್ರಂಕಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ್ದೇನೆ. ಸರಿಯೇ?

ಉತ್ತರ: ಬೀಗ ಸರಿ, ಟ್ರಂಕು ತಪ್ಪು. ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇರುತ್ತದೆ. ಮುಚ್ಚಳ ಹಾಕಿದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ. ಹುಟ್ಟಿದ ಅನಿಲಕ್ಕೆ ದಾರಿ ಸಿಗದೆ ಒತ್ತಡ ಏರುತ್ತದೆ. ಬಯಲಿನಲ್ಲಿ ಭುಸ್ಸೆಂದು ಉರಿದುಹೋಗುತ್ತಿದ್ದದ್ದು ಟ್ರಂಕಿನೊಳಗೆ ಸಿಡಿಯುತ್ತದೆ, ತಗಡಿನ ಚೂರುಗಳು ಗುಂಡಿನಂತೆ ಹಾರುತ್ತವೆ.

ಡಬ್ಬಿ ಬಿಚ್ಚಿದ್ದೂ ತಪ್ಪೇ. ರಟ್ಟಿನ ಪೆಟ್ಟಿಗೆಯ ಮೇಲಿನ ಕಿತ್ತಳೆ ಬಣ್ಣದ ಚೌಕದಲ್ಲಿ 1.4 ಎಂದಿದ್ದರೆ, ಹೊತ್ತಿಕೊಂಡರೂ ಅಪಾಯ ಬಹುಮಟ್ಟಿಗೆ ಆ ಪೆಟ್ಟಿಗೆಯ ಆಸುಪಾಸಿಗೇ ಸೀಮಿತ ಎಂದು ಅರ್ಥ. 1.3 ಎಂದರೆ ಒಟ್ಟು ರಾಶಿಯೇ ಭಗ್ಗನೆ ಉರಿಯಬಲ್ಲದು, 1.1 ಎಂದರೆ ಒಮ್ಮೆಗೇ ಸ್ಫೋಟಿಸಬಲ್ಲದು. ಈ ಅಂಕಿಗಳು ಆ ಪ್ಯಾಕಿಂಗ್‌ಗೆ ಕೊಟ್ಟವು. ಬಿಚ್ಚಿ ರಾಶಿ ಹಾಕಿದ ಮೇಲೆ 1.4 ಎಂಬ ಭರವಸೆ ಉಳಿಯುವುದಿಲ್ಲ.

ಮೂಲ ಪೆಟ್ಟಿಗೆಯಲ್ಲೇ, ಮರದ ಕಪಾಟಿನಲ್ಲಿ, ಗಾಳಿಕಂಡಿ ಬಿಟ್ಟು ಬೀಗ ಹಾಕಿ. ಒಳಗೆ ಮೊಳೆಯ ತಲೆ ಎದ್ದಿರಬಾರದು. ಕಪಾಟು ವಾಸದ ಮನೆಯಿಂದ ಬೇರೆಯಾದ ಕೊಠಡಿಯಲ್ಲಿರಲಿ. ಮೆಟ್ಟಿಲ ಕೆಳಗೆ, ಹೊರಹೋಗುವ ದಾರಿಯಲ್ಲಿ, ಬಿಸಿಲಿಗೆ ಕಾಯುವ ತಗಡಿನ ಸೂರಿನಡಿ, ಗ್ಯಾಸ್ ಸಿಲಿಂಡರ್, ಪೆಟ್ರೋಲ್, ತಿನ್ನರ್ ಅಥವಾ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲಿ ಬೇಡವೇ ಬೇಡ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆಂಬುದು ಹಲವರಿಗೆ ನೆನಪಿರುವುದಿಲ್ಲ.

ಪ್ರಶ್ನೆ: ಪೆಟ್ಲುಪ್ಪು, ಗಂಧಕ, ಇದ್ದಿಲ ಪುಡಿ, ಅಲ್ಯೂಮಿನಿಯಂ ಪುಡಿ ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಇಡಬಹುದೇ?

ಉತ್ತರ: ಬೇಡ. ಪೆಟ್ಲುಪ್ಪಿನಂಥ ಆಮ್ಲಜನಕ ಕೊಡುವ ಲವಣಗಳು ಒಂದು ಕಡೆ, ಉರಿಯುವ ಪುಡಿಗಳು ಇನ್ನೊಂದು ಕಡೆ. ಒಂದೇ ಕಪಾಟಿನ ಮೇಲಿನ ಹಲಗೆ, ಕೆಳಗಿನ ಹಲಗೆ ಎಂದರೆ ಬೇರೆಯಾದಂತಲ್ಲ. ಮೇಲಿನ ಡಬ್ಬ ಒಡೆದರೆ ಪುಡಿ ಕೆಳಗಿನದರ ಮೇಲೇ ಸುರಿಯುತ್ತದೆ. ಎರಡು ಕಪಾಟು, ಸಾಧ್ಯವಾದರೆ ಎರಡು ಕೋಣೆ. ಪ್ರತಿ ಡಬ್ಬಕ್ಕೂ ಅದರದ್ದೇ ಚಮಚ. ಗಂಧಕಕ್ಕೆ ಬಳಸಿದ ಚಮಚ ಕ್ಲೋರೇಟ್ (ಆಮ್ಲಜನಕ ಕೊಡುವ ಇನ್ನೊಂದು ಬಗೆಯ ಲವಣ) ಡಬ್ಬದೊಳಗೆ ಹೋದರೆ ಬರೀ ಉಜ್ಜುವಿಕೆಗೇ ಹೊತ್ತಿಕೊಳ್ಳುವ ಮಿಶ್ರಣ ಅಲ್ಲೇ ತಯಾರು. ಕ್ಲೋರೇಟಿಗೆ ಅಮೋನಿಯಂ ಲವಣಗಳ ಸಹವಾಸವೂ ಆಗದು. ಅವು ಸೇರಿ ಹುಟ್ಟುವ ಅಮೋನಿಯಂ ಕ್ಲೋರೇಟ್ ತನ್ನಷ್ಟಕ್ಕೇ ಸಿಡಿಯಬಲ್ಲದು. ನಮ್ಮನ್ನು ಕೇಳಿದರೆ ಹವ್ಯಾಸಿಗಳು ಕ್ಲೋರೇಟ್ ಇಟ್ಟುಕೊಳ್ಳದಿರುವುದೇ ಲೇಸು.

ಲೋಹದ ಪುಡಿಗಳಿಗೆ ತೇವವೇ ಶತ್ರು. ಮೆಗ್ನೀಸಿಯಂ, ಅಲ್ಯೂಮಿನಿಯಂ ಪುಡಿ ನೆನೆದರೆ ಹೈಡ್ರೋಜನ್ ಹುಟ್ಟುತ್ತದೆ, ಶಾಖವೂ ಏರುತ್ತದೆ. ಡಬ್ಬ ಉಬ್ಬಿದ್ದು ಅಥವಾ ಬೆಚ್ಚಗಿರುವುದು ಕಂಡರೆ ಮುಟ್ಟದೆ, ಅಲುಗಿಸದೆ ದೂರ ಸರಿದು ಅಗ್ನಿಶಾಮಕ ದಳಕ್ಕೆ ತಿಳಿಸಿ. ಆಗತಾನೇ ಅರೆದ ಇದ್ದಿಲ ಪುಡಿಯೂ ಗಾಳಿಯ ಆಮ್ಲಜನಕ ಹೀರಿ ತಾನೇ ಬಿಸಿಯೇರಬಹುದು. ಅಂಥದ್ದನ್ನು ಒಂದೆರಡು ದಿನ ಲೋಹದ ಪಾತ್ರೆಯಲ್ಲಿ, ಕಟ್ಟಡದಿಂದ ದೂರ ಇಟ್ಟು ನಂತರವೇ ಒಳಗೆ ತನ್ನಿ.

ಡಬ್ಬ ಗಾಜಿನದ್ದು ಬೇಡ. ಒಡೆದರೆ ಚೂರು, ಚೂರಿನಿಂದ ಉಜ್ಜುವಿಕೆ. ತಯಾರಕರ ಮೂಲ ಡಬ್ಬವೇ ಉತ್ತಮ. ಹೆಸರು, ತಂದ ದಿನಾಂಕ, ತೂಕ ಬರೆದ ಚೀಟಿ ಡಬ್ಬದ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ಪ್ರಶ್ನೆ: ಬಿಡಿ ರಾಸಾಯನಿಕಗಳಿಗೆ ಲೈಸೆನ್ಸ್ ಬೇಡ ಎನ್ನುತ್ತಾರೆ. ಹಾಗಾದರೆ ಬೆರೆಸಿಟ್ಟರೆ ತೊಂದರೆಯೇನು?

ಉತ್ತರ: ಕಾನೂನು ದೇಶಕ್ಕೊಂದು ಬಗೆ, ಕೆಲವೆಡೆ ಬಿಡಿ ಲವಣಕ್ಕೂ ಪರವಾನಗಿ ಬೇಕು. ಆದರೆ ಬೆರೆಸಿದ ಕ್ಷಣದಿಂದ ಅದು ಸಾಮಾನ್ಯವಾಗಿ ಸ್ಫೋಟಕ. ತಯಾರಿಕೆಗೂ ದಾಸ್ತಾನಿಗೂ ಬೇರೆ ಅನುಮತಿ, ನಿರ್ದಿಷ್ಟ ರೀತಿಯ ಉಗ್ರಾಣ, ಜನವಸತಿಯಿಂದ ನಿಗದಿತ ಅಂತರ ಕೇಳುತ್ತಾರೆ. ಮನೆಯೊಳಗೆ ಈ ಅಂತರ ಸಿಗುವುದೇ ಇಲ್ಲ. ಸ್ಫೋಟಕಗಳ ಪರವಾನಗಿ ಕಚೇರಿಯಲ್ಲಿ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಸ್ವಂತ ಬಳಕೆಗೆ ಎಷ್ಟು ತೂಕದವರೆಗೆ ಇಡಬಹುದು, ಆ ತೂಕ ಬರೀ ಮದ್ದಿನದೋ ಪೆಟ್ಟಿಗೆ ಸೇರಿಯೋ, ಬಾಡಿಗೆ ಮನೆ ಅಥವಾ ಅಪಾರ್ಟ್‌ಮೆಂಟಿಗೆ ಬೇರೆ ನಿರ್ಬಂಧವಿದೆಯೇ. ಎರಡನೆಯದನ್ನು ಕೇಳದೆ ಲೆಕ್ಕ ತಪ್ಪುವವರೇ ಹೆಚ್ಚು. ಮನೆಯ ವಿಮಾ ಪಾಲಿಸಿಯನ್ನೂ ಓದಿ. ಸ್ಫೋಟಕ ಇಟ್ಟದ್ದನ್ನು ತಿಳಿಸದಿದ್ದರೆ ಪರಿಹಾರ ನಿರಾಕರಿಸಬಹುದು. ರಸೀದಿ ಮತ್ತು ಒಂದು ದಾಸ್ತಾನು ಪುಸ್ತಕ ಕಪಾಟಿನ ಹೊರಗೆ, ಬೇರೆ ಕೋಣೆಯಲ್ಲಿ ಇರಲಿ.

ಪ್ರಶ್ನೆ: ಮಳೆಗೆ ನೆನೆದ ಪಟಾಕಿಯನ್ನು ಬಿಸಿಲಿಗೆ ಒಣಗಿಸಬಹುದೇ?

ಉತ್ತರ: ಒಣಗಿಸಬೇಡಿ. ನೆನೆದಾಗ ಲವಣ ಕರಗಿ ಜಾಗ ಬದಲಿಸಿರುತ್ತದೆ, ಬತ್ತಿ ಉರಿಯುವ ವೇಗವೂ ಬದಲಾಗಿರುತ್ತದೆ. ಒಣಗಿದಂತೆ ಕಂಡದ್ದು ಕೈಯಲ್ಲೇ ಸಿಡಿಯಬಹುದು. ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ ಒಂದು ರಾತ್ರಿ ಬಿಡಿ, ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಿ. ಹಚ್ಚಿಯೂ ಸಿಡಿಯದ್ದಕ್ಕೂ ಇದೇ ಕ್ರಮ, ಆದರೆ ಹತ್ತಿರ ಹೋಗುವ ಮೊದಲು 20 ನಿಮಿಷ ಕಾಯಿರಿ. ರಾಶಿ ದೊಡ್ಡದಿದ್ದರೆ ಅಗ್ನಿಶಾಮಕ ದಳವನ್ನು ಕೇಳಿ. ಲೋಹದ ಬಿಡಿ ಪುಡಿಗೆ ಮಾತ್ರ ಈ ನೀರಿನ ಉಪಾಯ ಬಳಸಬೇಡಿ.

ಪ್ರಶ್ನೆ: ಕಪಾಟಿನ ಪಕ್ಕ ಯಾವ ಅಗ್ನಿನಂದಕ ಇಡಬೇಕು?

ಉತ್ತರ: ಕಪಾಟಿನ ಪಕ್ಕ ಅಲ್ಲ, ಬಾಗಿಲ ಹೊರಗೆ. ಅದು ಕಸದ ಬುಟ್ಟಿಯಂಥ ಸುತ್ತಲಿನ ಸಣ್ಣ ಬೆಂಕಿ ಕಪಾಟಿಗೆ ತಲುಪದಂತೆ ತಡೆಯಲಿಕ್ಕೆ ಮಾತ್ರ. ಮದ್ದಿಗೇ ಬೆಂಕಿ ತಗುಲಿದರೆ ನಂದಿಸಲು ನಿಲ್ಲದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಅಗ್ನಿಶಾಮಕ ದಳಕ್ಕೆ ಕರೆ ಮಾಡಿದಾಗ ಒಳಗೆ ಏನಿದೆ, ಎಷ್ಟಿದೆ, ಲೋಹದ ಪುಡಿ ಇದೆಯೇ ಎಂಬುದನ್ನು ದಾಸ್ತಾನು ಪುಸ್ತಕ ನೋಡಿ ಮೊದಲೇ ಹೇಳಿ. ಉರಿಯುವ ಮೆಗ್ನೀಸಿಯಂ ಮೇಲೆ ನೀರು ಬಿದ್ದರೆ ಬೆಂಕಿ ಇನ್ನಷ್ಟು ಭುಗಿಲೇಳುತ್ತದೆ.