ಚೆಂಡು ಜಾರಿದ ಹುಡುಗನ ಬಗ್ಗೆ

ಸಿರುಗುಪ್ಪದ ಓದುಗರೊಬ್ಬರ ಪತ್ರದ ಸಾರ: ನಮ್ಮೂರ ಹುಡುಗರ ರಗ್ಬಿ ತಂಡ ಹೋದ ತಿಂಗಳು ಬಳ್ಳಾರಿಯಲ್ಲಿ 12–14ರಿಂದ ಸೋತಿತು. ಏಳು ಜನರ ಆಟ. ಕೊನೆಯ ನಿಮಿಷದಲ್ಲಿ, ಟ್ರೈ ಗೆರೆಗೆ (ಅದರಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ) ಐದು ಹೆಜ್ಜೆ ಇರುವಾಗ, ನನ್ನ ಅಣ್ಣನ ಮಗನ ಕೈಯಿಂದ ಚೆಂಡು ಜಾರಿ ಮುಂದಕ್ಕೆ ಬಿತ್ತು. ಅವತ್ತಿನಿಂದ ಚಹಾ ಅಂಗಡಿಯಲ್ಲಿ ಬರೀ ಅದೇ ಮಾತು. ‘ಅವನಿಂದಲೇ ಸೋತೆವು’ ಅಂತ ಕೆಲವರು. ಬದಲಿ ಆಟಗಾರನಾಗಿ ಬಂದು ಮೂಲೆಯಲ್ಲಿ ಟ್ರೈ ಗಳಿಸಿದ ಹದಿನೇಳರ ಹುಡುಗನನ್ನೇ ಇನ್ನು ಮುಂದೆ ಅವನ ಜಾಗಕ್ಕೆ ಹಾಕಿ ಅಂತ ಇನ್ನು ಕೆಲವರು. ನಮ್ಮ ಹುಡುಗ ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾನೆ. ಅಭಿಮಾನಿಗಳು ತಪ್ಪನ್ನು ತಪ್ಪು ಅನ್ನಬಾರದೇ? ಅಂದರೆ ಎಷ್ಟು ಅನ್ನಬೇಕು?

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡೂ ಸಲ ಒಂದೇ ಕಡೆ ನಿಂತೆ. ಹುಡುಗ ಮೈದಾನಕ್ಕೆ ಹೋಗುತ್ತಿಲ್ಲ ಅನ್ನುವ ಸಾಲಿನ ಹತ್ತಿರ. ಸೋಲಿಗಿಂತ ಇದು ದೊಡ್ಡ ನಷ್ಟ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ತಪ್ಪನ್ನು ತಪ್ಪು ಅನ್ನಲೇಬೇಕು. ಆದರೆ ಚಹಾ ಅಂಗಡಿಯಲ್ಲಿ ಯಾರಾದರೂ ಪೂರ್ತಿ ಲೆಕ್ಕ ಹಾಕಿದ್ದಾರಾ? 12–14 ಅಂದರೆ ಎರಡೂ ತಂಡಗಳು ಎರಡೆರಡು ಟ್ರೈ ಗಳಿಸಿವೆ. ಟ್ರೈಗೆ 5 ಅಂಕ, ಅದರ ನಂತರದ ಕನ್ವರ್ಷನ್ ಕಿಕ್‌ಗೆ 2. ಅವರ ಎರಡೂ ಕಿಕ್ ಕಂಬಗಳ ನಡುವೆ ಹೋದವು, ನಿಮ್ಮದೊಂದು ಹೋಗಲಿಲ್ಲ. ಅಂತರ ಬಂದಿದ್ದು ಅಲ್ಲಿ. ಕನ್ವರ್ಷನ್ ಕಿಕ್ಕನ್ನು ಟ್ರೈ ಆದ ಜಾಗದ ನೇರಕ್ಕೇ ಹೊಡೆಯಬೇಕು. ಟ್ರೈ ಮೂಲೆಯಲ್ಲಾದರೆ ಕಿಕ್ಕೂ ಮೂಲೆಯಿಂದಲೇ. ಏಳು ಜನರ ಆಟದಲ್ಲಿ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೇಳುವಾಗ ಒದೆಯಬೇಕು. ಆ ಕೋನದಿಂದ ಅದು ಬಲು ಕಷ್ಟ. ನಿಮ್ಮ ತಪ್ಪಿದ ಕಿಕ್ ಆ ಹದಿನೇಳರ ಹುಡುಗನ ಮೂಲೆಯ ಟ್ರೈ ನಂತರದ್ದೇ ಇರಬೇಕು. ಅವನಿಗೆ ಇನ್ನೊಂದು ಹತ್ತು ಹೆಜ್ಜೆ ಕಂಬದ ಕಡೆಗೆ ಸುತ್ತಿ ಬರಲು ಜಾಗ ಇತ್ತಾ? ಇದ್ದಿದ್ದರೆ ಪಂದ್ಯ 14–14 ಆಗುತ್ತಿತ್ತೇನೋ. ಇದನ್ನು ಆ ಹುಡುಗನ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಅವನು ಟ್ರೈ ಗಳಿಸಿದ್ದೇ ದೊಡ್ಡದು. ಆದರೆ ಒಂದು ಪಂದ್ಯದಲ್ಲಿ ಇಂಥವು ಹತ್ತಾರು ಇರುತ್ತವೆ, ನಮ್ಮ ಕಣ್ಣಿಗೆ ಉಳಿಯುವುದು ಕೊನೆಯದು ಮಾತ್ರ.

ಇನ್ನು ಆ ಚೆಂಡಿನ ವಿಷಯ. ರಗ್ಬಿಯಲ್ಲಿ ಚೆಂಡು ಕೈಯಿಂದ ಮುಂದಕ್ಕೆ ಜಾರಿದರೆ ನಾಕ್-ಆನ್, ಆಟ ಎದುರಾಳಿಯ ಕೈಗೆ. ಪಾಸನ್ನೂ ಮುಂದಕ್ಕೆ ಕೊಡುವ ಹಾಗಿಲ್ಲ. ಹಾಗಾಗಿ ಪಾಸ್ ಹಿಡಿಯುವವನು ಸ್ವಲ್ಪ ಹಿಂದಿನಿಂದ ಓಡಿ ಬಂದು ತಗೋಬೇಕು. ಅವನು ಅವಸರದಲ್ಲಿ ಪಕ್ಕಕ್ಕೇ ಬಂದುಬಿಟ್ಟರೆ ಚೆಂಡು ಬೆನ್ನ ಹಿಂದೆ ಬೀಳುತ್ತದೆ. ಪಾಸ್ ಕೊಡುವವನು ಅರ್ಧ ಕ್ಷಣ ತಡ ಮಾಡಿದರೆ ಚೆಂಡು ಮತ್ತು ಟ್ಯಾಕಲ್ (ಎದುರಾಳಿ ಹಿಡಿದು ಕೆಡವುವುದು) ಒಟ್ಟಿಗೇ ಬರುತ್ತವೆ. ಹಿಡಿಯುವ ಮೊದಲೇ ಹುಡುಗನ ಕಣ್ಣು ಟ್ಯಾಕಲ್ ಮಾಡುವವನ ಕಡೆ ಹೋಗುತ್ತದೆ. ಚೆಂಡು ಜಾರುವುದು ಬಹುಪಾಲು ಆಗಲೇ. ನಿಮ್ಮ ಅಣ್ಣನ ಮಗನಿಗೆ ಆ ಪಾಸ್ ಹೇಗೆ ಬಂತು? ಎತ್ತರಕ್ಕೆ ಬಂತಾ? ತಡವಾಗಿ ಬಂತಾ? ಪತ್ರದಲ್ಲಿ ಅದಿಲ್ಲ. ಚಹಾ ಅಂಗಡಿಯಲ್ಲೂ ಯಾರೂ ಕೇಳಿರಲಿಕ್ಕಿಲ್ಲ.

ಕಬಡ್ಡಿಯಲ್ಲಾದರೆ ನಮ್ಮ ಜನಕ್ಕೆ ಇದು ತಕ್ಷಣ ತಿಳಿಯುತ್ತದೆ. ಮೂಲೆಯವನು ರೈಡರ್‌ನ ಕಾಲು ಹಿಡಿದ, ಪಕ್ಕದವರು ಬಂದು ಮುಚ್ಚಲಿಲ್ಲ, ರೈಡರ್ ಎಳೆದುಕೊಂಡೇ ಗೆರೆ ಮುಟ್ಟಿದ. ಆಗ ಗೊತ್ತಿದ್ದವರು ಕಾಲು ಹಿಡಿದವನನ್ನು ಬೈಯುವುದಿಲ್ಲ, ‘ಉಳಿದವರು ಎಲ್ಲಿದ್ರಿ?’ ಅಂತ ಕೇಳುತ್ತಾರೆ. ರಗ್ಬಿ ನಮಗೆ ಹೊಸದು, ಅದಕ್ಕೇ ಚೆಂಡು ಇದ್ದ ಕಡೆ ಮಾತ್ರ ನೋಡುತ್ತೇವೆ.

ನಿಮ್ಮ ಹುಡುಗನಿಗೆ ಒಬ್ಬ ಆಟಗಾರನ ಕಥೆ ಹೇಳಿ. ನ್ಯೂಜಿಲೆಂಡಿನ ಸ್ಟೀಫನ್ ಡೊನಾಲ್ಡ್. 2010ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾದ ಎದುರು ಪಂದ್ಯ. ಡೊನಾಲ್ಡ್ ಬದಲಿ ಆಟಗಾರನಾಗಿ ಬಂದರು. ಅವರು ಒದ್ದ ಒಂದು ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ ಕಿಕ್) ಗುರಿ ತಪ್ಪಿತು. ಕೊನೆಯಲ್ಲಿ ಚೆಂಡನ್ನು ಮೈದಾನದ ಪಕ್ಕದ ಗೆರೆಯಾಚೆ ಒದ್ದಿದ್ದರೆ ಸಾಕಿತ್ತು, ಅದು ಒಳಗೇ ಉಳಿಯಿತು. ಆಸ್ಟ್ರೇಲಿಯಾ ಅದನ್ನೇ ಹಿಡಿದು ಬಂದು ಟ್ರೈ ಗಳಿಸಿ 26–24ರಿಂದ ಗೆದ್ದಿತು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅಂತಾರಲ್ಲ, ಹಾಗಾಯಿತು. ಇಡೀ ದೇಶ ಅವರನ್ನು ಬೈದಿತು. ಮರುವರ್ಷದ ವಿಶ್ವಕಪ್ ತಂಡದಲ್ಲಿ ಅವರ ಹೆಸರೇ ಇರಲಿಲ್ಲ.

ಆದರೆ ಆ ವಿಶ್ವಕಪ್‌ನಲ್ಲಿ ಅದೇ ಜಾಗದಲ್ಲಿ ಆಡುತ್ತಿದ್ದ ಡ್ಯಾನ್ ಕಾರ್ಟರ್ ಗಾಯಗೊಂಡರು. ಆಮೇಲೆ ಅವರ ಬದಲಿಗೆ ಬಂದ ಕಾಲಿನ್ ಸ್ಲೇಡ್ ಕೂಡ. ಡೊನಾಲ್ಡ್‌ಗೆ ಕರೆ ಹೋದಾಗ ಅವರು ವೈಕಾಟೊ ನದಿಯಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದರು. ಫೈನಲ್ ದಿನ ಮೂರನೆಯವರಾದ ಆರನ್ ಕ್ರೂಡನ್ ಕೂಡ ಮೊಣಕಾಲು ನೋವಿನಿಂದ ಹೊರಬಂದರು. ಡೊನಾಲ್ಡ್ ಮೈದಾನಕ್ಕಿಳಿದರು, ಮೈಗೆ ಬಿಗಿಯಾದ ಗಿಡ್ಡ ಜೆರ್ಸಿ ಹಾಕಿಕೊಂಡು. ಸ್ವಲ್ಪ ಹೊತ್ತಿಗೆ ಒಂದು ಪೆನಾಲ್ಟಿ ಸಿಕ್ಕಿತು. ಅವರು ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ನ್ಯೂಜಿಲೆಂಡ್ ಫ್ರಾನ್ಸ್ ಅನ್ನು 8–7ರಿಂದ ಸೋಲಿಸಿ ಕಪ್ ಗೆದ್ದಿತು.

ಈ ಪಂದ್ಯದಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಡೊನಾಲ್ಡ್‌ಗಿಂತ ಮೊದಲು ಕಿಕ್ ತೆಗೆದುಕೊಳ್ಳುತ್ತಿದ್ದವರು ಪಿರಿ ವೀಪು. ಅವರು ಅವತ್ತು ಎರಡು ಪೆನಾಲ್ಟಿ, ಒಂದು ಕನ್ವರ್ಷನ್ ತಪ್ಪಿಸಿದ್ದರು. ಒಂದೇ ಒಂದು ಅಂಕದಿಂದ ಸೋತಿದ್ದರೆ ಆ ಮೂರೂ ಕಿಕ್ ಅವರ ಬೆನ್ನು ಬಿಡುತ್ತಿರಲಿಲ್ಲ. ಗೆದ್ದರು, ಎಲ್ಲರೂ ಮರೆತರು. ನಿಮ್ಮ ತಂಡ ಹೋದ ತಿಂಗಳು ಗೆದ್ದಿದ್ದರೆ ಆ ಜಾರಿದ ಚೆಂಡು, ತಪ್ಪಿದ ಕಿಕ್ ಯಾರ ನೆನಪಿನಲ್ಲಿರುತ್ತಿತ್ತು ಹೇಳಿ.

ನನ್ನ ಮನಸ್ಸಿನಲ್ಲಿರುವ ಒಂದು ನೋವನ್ನೂ ಹೇಳಿಬಿಡುತ್ತೇನೆ. ವರ್ಷಗಳ ಹಿಂದೆ, ಒಂದು ಜಾತ್ರೆಯ ಕಬಡ್ಡಿ ಪಂದ್ಯ. ನಮ್ಮ ಓಣಿಯ ಹುಡುಗ ಕೊನೆಯ ರೈಡ್‌ನಲ್ಲಿ ಸಿಕ್ಕಿಬಿದ್ದ. ಗೆರೆ ಪಕ್ಕ ನಿಂತು ನಾನೂ ಜೋರಾಗಿ ಕೂಗಿದೆ. ಏನು ಕೂಗಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅವನು ತಿರುಗಿ ನೋಡಿದ. ಮುಂದಿನ ವರ್ಷ ಆಡಲು ಬರಲಿಲ್ಲ, ಆಮೇಲೂ ಬರಲಿಲ್ಲ. ದೂರದ ದೇಶದ ಆಟಗಾರನನ್ನು ಟಿವಿ ಮುಂದೆ ಕೂತು ಬೈದರೆ ಅವನ ಕಿವಿಗೆ ಬೀಳುವುದಿಲ್ಲ. ನಿಮ್ಮ ಅಣ್ಣನ ಮಗ ಹಾಲು ತರಲು ಅದೇ ಚಹಾ ಅಂಗಡಿ ಮುಂದೆ ಹೋಗಬೇಕು, ಅಲ್ವಾ? ಸಣ್ಣ ಊರಿನಲ್ಲಿ ಅಭಿಮಾನಿಯ ಮಾತು ಸುಮ್ನೆ ಮಾತಾಗಿ ಉಳಿಯುವುದಿಲ್ಲ. ಹುಡುಗ ನಾಳೆ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗುತ್ತಾನೋ ಇಲ್ಲವೋ ಅನ್ನುವುದು ಅದರ ಮೇಲೆ ನಿಂತಿರುತ್ತದೆ.

ಈಗ ಹದಿನೇಳರ ಹುಡುಗ. ಅವನ ಮೇಲೆ ಆಸೆ ಇಡಿ, ಖಂಡಿತ ಇಡಿ. ಆದರೆ ಅವನನ್ನು ಹೊಗಳುವ ಮಾತು ಇನ್ನೊಬ್ಬನನ್ನು ಹೊಡೆಯುವ ಕೋಲು ಆಗಬಾರದು. ಅವರಿಬ್ಬರೂ ಒಬ್ಬರಿಗೊಬ್ಬರು ಪಾಸ್ ಕೊಡಬೇಕಾದವರು. ಮತ್ತೆ, ಒಂದು ಟ್ರೈ ನೋಡಿ ಪೂರ್ತಿ ಜವಾಬ್ದಾರಿ ಹೊರಿಸಿದರೆ ನಾಳೆ ಅವನ ಕೈಯಿಂದ ಚೆಂಡು ಜಾರಿದಾಗ ಇದೇ ಜನ ಇದೇ ಮಾತು ಆಡುತ್ತಾರೆ.

ಜೋನಾ ಲೋಮು ಹೆಸರು ಕೇಳಿರುತ್ತೀರಿ. 1994ರಲ್ಲಿ, 19ನೇ ವಯಸ್ಸಿಗೆ, ಫ್ರಾನ್ಸ್ ವಿರುದ್ಧ ನ್ಯೂಜಿಲೆಂಡಿಗೆ ಮೊದಲ ಸಲ ಆಡಿದರು. ಆ ಸಲದ ಎರಡೂ ಟೆಸ್ಟ್ (ದೇಶ-ದೇಶಗಳ ನಡುವಿನ ಪಂದ್ಯ) ಸೋತರು. ಶಾಲೆಯಲ್ಲಿ ಫಾರ್ವರ್ಡ್ ಆಗಿ, ಅಂದರೆ ತಳ್ಳಾಟದ ಗುಂಪಿನಲ್ಲಿ, ಆಡುತ್ತಿದ್ದವರಿಗೆ ಮೈದಾನದ ಅಂಚಿನ ವಿಂಗ್ ಜಾಗ ಇನ್ನೂ ಹೊಸದು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲೇ ಎಡವಿದರು. ಮರುವರ್ಷದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅವರೊಬ್ಬರೇ ನಾಲ್ಕು ಟ್ರೈ ಗಳಿಸಿದರು.

ಬೆಳೆಯುವ ಪೈರು ಮೊಳಕೆಯಲ್ಲಿ ಅನ್ನುತ್ತಾರೆ. ನಿಮ್ಮ ಕಡೆ ಭತ್ತ ಬೆಳೆಯುವವರಿಗೆ ಅದರ ನಂತರದ ಮಾತೂ ಗೊತ್ತು. ಅಗೆಯಲ್ಲಿ ಹಸಿರಾಗಿದ್ದ ಸಸಿ ಗದ್ದೆಗೆ ನಾಟಿ ಮಾಡಿದ ಮೇಲೆ ಕೆಲವು ದಿನ ಹಳದಿ ತಿರುಗಿ ಬಾಡಿದ ಹಾಗೆ ಕಾಣುತ್ತದೆ. ಬೇರು ಹಿಡಿಯುವ ಕಾಲ ಅದು. ಯಾವ ರೈತನೂ ಆಗ ಕಿತ್ತು ನೋಡುವುದಿಲ್ಲ, ನೀರು ಕಟ್ಟುತ್ತಾನೆ.

ಚಹಾ ಅಂಗಡಿಯ ಗೆಳೆಯರಿಗೆ ಅಷ್ಟು ಕಾಳಜಿ ಇದ್ದರೆ ಮಾಡುವ ಕೆಲಸ ಬೇಕಾದಷ್ಟಿದೆ. ನಮ್ಮ ಕಡೆಯ ಮೈದಾನ ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿ. ಬಿದ್ದರೆ ಮೊಣಕೈ ತರಚುತ್ತದೆ ಅಂತ ಹುಡುಗರು ಟ್ಯಾಕಲ್ ಅಭ್ಯಾಸ ಮಾಡುವುದಿಲ್ಲ, ಪಂದ್ಯದಲ್ಲಿ ಹಿಂಜರಿಯುತ್ತಾರೆ. ಒಂದು ಮೂಲೆಯಲ್ಲಿ ಎರಡು ಟ್ರ್ಯಾಕ್ಟರ್ ಮರಳು ಹಾಕಿಸಿ. ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಒದ್ದೆ ಚೆಂಡಿನಲ್ಲಿ ಪಾಸ್ ಅಭ್ಯಾಸ ಮಾಡಿಸಿ. ಬೆವರಿದ ಕೈಗೆ ಅದೇ ಮದ್ದು. ನಮ್ಮ ದೇಶದ ಹೆಣ್ಣುಮಕ್ಕಳು 15 ಜನರ ರಗ್ಬಿಗೆ 2018ರಲ್ಲಿ ಮೊದಲ ಸಲ ಇಳಿದಾಗ ಗೆಲುವು ಸಿಗಲಿಲ್ಲ. ಮೊದಲ ಗೆಲುವು 2019ರ ಜೂನ್‌ನಲ್ಲಿ, ಮನಿಲಾದಲ್ಲಿ, ಸಿಂಗಪುರದ ವಿರುದ್ಧ 21–19ರಿಂದ ಬಂತು. ಅದೂ ಕೊನೆಯ ಹೊತ್ತಿನಲ್ಲಿ ಒಡಿಶಾದ ಸುಮಿತ್ರಾ ನಾಯಕ್ ಒದ್ದ ಪೆನಾಲ್ಟಿಯಿಂದ. ಎರಡೇ ಅಂಕ, ನೀವು ಸೋತಷ್ಟೇ ಅಂತರ.

ಈ ಭಾನುವಾರ ನೀವೇ ಅಣ್ಣನ ಮನೆಗೆ ಹೋಗಿ. ಪಂದ್ಯದ ಮಾತು ಎತ್ತಬೇಡಿ. ‘ನಡಿಯಪ್ಪಾ, ನನಗೂ ಪಾಸ್ ಹಿಡಿಯೋದು ಹೇಳಿಕೊಡು’ ಅಂತ ಕರೆದುಕೊಂಡು ಹೋಗಿ. ಆ ಹದಿನೇಳರ ಹುಡುಗನನ್ನೂ ಕರೆಯಿರಿ. ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ