ಮಗಳು 'ಥರ್ಟೀನ್ ರೀಸನ್ಸ್ ವೈ' ಓದುತ್ತಿದ್ದಾಳೆ, ಪುಸ್ತಕ ಕಿತ್ತುಕೊಳ್ಳಬೇಕಾ?

ನಿಮ್ಮ ಮಗಳು 9ನೇ ಕ್ಲಾಸು, ಜೇ ಆಶರ್ ಬರೆದ 'ಥರ್ಟೀನ್ ರೀಸನ್ಸ್ ವೈ' ಓದುತ್ತಿದ್ದಾಳೆ ಅಂದಿದ್ದೀರಿ. ಪುಸ್ತಕದ ಬಗ್ಗೆ ಹುಡುಕಿದರೆ ಕೆಲವರು 'ಇದು ನನ್ನ ಜೀವ ಉಳಿಸಿತು' ಅಂತ ಬರೆದಿದ್ದಾರೆ, ಕೆಲವರು 'ಮಕ್ಕಳ ಕೈಗೆ ಕೊಡಲೇಬೇಡಿ' ಅಂದಿದ್ದಾರೆ. ಒಂದೇ ಪುಸ್ತಕಕ್ಕೆ ಓದುಗರು ಹೀಗೆ ಎರಡು ಪಾಲಾಗಿದ್ದು ಯಾಕೆ, ನಾನೇನು ಮಾಡಲಿ ಅನ್ನೋದು ನಿಮ್ಮ ಪ್ರಶ್ನೆ.

ಕಿತ್ತುಕೊಳ್ಳಬೇಡಿ. ಆದರೆ ಅವಳೊಬ್ಬಳೇ ಕೂತು ಓದಿ ಮುಗಿಸುವ ಹಾಗೂ ಬಿಡಬೇಡಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ, ಲೈಬ್ರರಿ ಕೂಡ ನಾನೇ ನೋಡಿಕೊಳ್ಳುತ್ತೇನೆ. ಈ ಪುಸ್ತಕ ಓದಿದ ಮಕ್ಕಳ ಜೊತೆ ತುಂಬಾ ಮಾತಾಡಿದ್ದೇನೆ. ನನಗೆ ಅನ್ನಿಸೋದು, ಆ ಎರಡು ಗುಂಪಿನವರೂ ನಿಜವನ್ನೇ ಹೇಳುತ್ತಿದ್ದಾರೆ. ಈ ಪುಸ್ತಕದೊಳಗೆ ಎರಡು ಕಥೆಗಳಿವೆ. ಒಬ್ಬೊಬ್ಬರನ್ನು ಒಂದೊಂದು ಕಥೆ ಹಿಡಿದುಕೊಳ್ಳುತ್ತದೆ.

ನೀವು ಓದಿಲ್ಲ ಅಂದುಕೊಂಡು ಕಥೆ ಹೇಳಿಬಿಡುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಬಂದ ಕಾದಂಬರಿ. ಹ್ಯಾನಾ ಬೇಕರ್ ಅನ್ನೋ ಹೈಸ್ಕೂಲು ಹುಡುಗಿ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಅದಕ್ಕೂ ಮೊದಲು ಏಳು ಕ್ಯಾಸೆಟ್‌ಗಳಲ್ಲಿ ತನ್ನ ಕಥೆ ರೆಕಾರ್ಡ್ ಮಾಡಿಟ್ಟಿದ್ದಾಳೆ. ಯಾರ್ಯಾರು ತನಗೆ ಏನೇನು ಮಾಡಿದರು ಅನ್ನೋದೇ ಆ ಹದಿಮೂರು ಕಾರಣಗಳು. ಆ ಪೆಟ್ಟಿಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಕ್ಲೇ ಜೆನ್ಸೆನ್ ಅನ್ನೋ ಹುಡುಗನಿಗೆ ಅದು ಸಿಕ್ಕಾಗ ಕಾದಂಬರಿ ಶುರು. ಅವನು ರಾತ್ರಿಯಿಡೀ ಊರು ಸುತ್ತುತ್ತಾ ಅದನ್ನು ಕೇಳುತ್ತಾನೆ.

ಮೊದಲನೇ ಕಥೆ ಬುಲ್ಲಿಯಿಂಗ್‌ನದ್ದು. ಇದರಲ್ಲಿ ಆಶರ್ ಗೆದ್ದಿದ್ದಾರೆ. ಹ್ಯಾನಾಳನ್ನು ಶುರುವಿನಲ್ಲಿ ಯಾರೂ ಹೊಡೆಯಲ್ಲ, ಬಡಿಯಲ್ಲ. ಜಸ್ಟಿನ್ ಅನ್ನೋ ಹುಡುಗ ಒಂದು ಮುತ್ತಿನ ಸುದ್ದಿಗೆ ರೆಕ್ಕೆಪುಕ್ಕ ಸೇರಿಸಿ ಹಬ್ಬಿಸುತ್ತಾನೆ. ಅಲೆಕ್ಸ್ ಅನ್ನೋನು ಕ್ಲಾಸಿನ ಹುಡುಗಿಯರ ಮೈಕಟ್ಟಿನ ಮೇಲೆ ಒಂದು ಪಟ್ಟಿ ಮಾಡುತ್ತಾನೆ, ಅದರಲ್ಲಿ ಇವಳ ಹೆಸರು ಹಾಕುತ್ತಾನೆ. ಒಬ್ಬ ಅವಳ ಕವಿತೆ ಕದ್ದು ಎಲ್ಲರೂ ಓದುವ ಹಾಗೆ ಅಚ್ಚು ಹಾಕಿಸುತ್ತಾನೆ. ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಒಳ್ಳೆ ಮಾತು ಬರೆದು ಹಾಕುವ ಕಾಗದದ ಚೀಲ ಇರುತ್ತದೆ. ಹ್ಯಾನಾಳ ಚೀಲಕ್ಕೆ ಬಂದ ಚೀಟಿಗಳನ್ನು ಝಾಕ್ ಕದಿಯುತ್ತಾನೆ. ಬಿಡಿಬಿಡಿಯಾಗಿ ನೋಡಿದರೆ ದೊಡ್ಡವರು 'ಇದೆಲ್ಲಾ ಇದ್ದಿದ್ದೇ' ಅನ್ನುವ ವಿಷಯಗಳೇ ಜಾಸ್ತಿ. ಆಮೇಲೆ ಅತ್ಯಾಚಾರದಂಥ ಭಯಂಕರ ಘಟನೆಗಳೂ ಬರುತ್ತವೆ, ಅದು ನಿಮಗೆ ಗೊತ್ತಿರಲಿ. ಆದರೆ ಮಕ್ಕಳಿಗೆ ನಾಟೋದು ಆ ಚೀಟಿ ಕದ್ದ ಭಾಗ. ಯಾಕೆ ಅಂದರೆ ಅಂಥದ್ದು ಅವರ ಕ್ಲಾಸಿನಲ್ಲೂ ನಡೆದಿರುತ್ತದೆ. ಈಗ ಅದು ವಾಟ್ಸಾಪ್ ಗ್ರೂಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ನಡೆಯುತ್ತದೆ ಅಷ್ಟೆ.

'ಜೀವ ಉಳಿಸಿತು' ಅನ್ನುವವರು ಹೆಚ್ಚಾಗಿ ಈ ಕಥೆಯನ್ನು ಓದಿದವರು. ಅವರಿಗೆ ಯಾರೂ ಮೊದಲು ಹೇಳಿರಲಿಲ್ಲ, 'ನಿನಗೆ ಆಗುತ್ತಿರೋ ನೋವು ಸಣ್ಣದಲ್ಲ' ಅಂತ. ತಮ್ಮ ಪುಸ್ತಕ ಓದಿ ಮನಸ್ಸು ಬದಲಿಸಿದೆವು ಅಂತ ಹರೆಯದ ಓದುಗರು ಬರೆದಿದ್ದನ್ನು ಆಶರ್ ಸಂದರ್ಶನಗಳಲ್ಲಿ ಹಲವು ಸಲ ಹೇಳಿದ್ದಾರೆ. ನಾನದನ್ನು ನಂಬುತ್ತೇನೆ.

ಇನ್ನೊಂದು ಥರದ ಪ್ರತಿಕ್ರಿಯೆಯೂ ಇದೆ. ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೆಲವು ಮಕ್ಕಳು ತಮ್ಮನ್ನು ಹ್ಯಾನಾಳಲ್ಲಿ ನೋಡಲ್ಲ, ಆ ಹದಿಮೂರು ಜನರಲ್ಲಿ ನೋಡುತ್ತಾರೆ. ಒಬ್ಬ ಹುಡುಗ ಪುಸ್ತಕ ವಾಪಸ್ ಕೊಡುವಾಗ 'ಮಿಸ್, ನಾನೂ ಒಬ್ಬರಿಗೆ ಅಡ್ಡಹೆಸರು ಇಟ್ಟಿದ್ದೆ, ಈಗ್ಲೂ ಎಲ್ರೂ ಹಾಗೇ ಕರೀತಾರೆ, ಏನ್ ಮಾಡ್ಲಿ' ಅಂತ ಕೇಳಿದ. ಹೋಗಿ ಕ್ಷಮೆ ಕೇಳು, ಎಲ್ಲರ ಮುಂದೆ ಅವನ ನಿಜವಾದ ಹೆಸರು ಹಿಡಿದು ಕರೆ ಅಂದೆ. ಕರೆದ. ನಾವು ನೀತಿಪಾಠದ ಪೀರಿಯಡ್‌ನಲ್ಲಿ ಎಷ್ಟು ಹೇಳಿದರೂ ಆಗದ್ದು ಒಂದು ಕಾದಂಬರಿಯಿಂದ ಆಯಿತು.

ಎರಡನೇ ಕಥೆ ಆ ಕ್ಯಾಸೆಟ್‌ಗಳದ್ದು. ಇಲ್ಲಿ ನನಗೆ ಭಯ. ಸತ್ತ ಹುಡುಗಿ ಇಡೀ ಪುಸ್ತಕದ ತುಂಬ ಮಾತಾಡುತ್ತಾಳೆ. ಬದುಕಿದ್ದಾಗ ಯಾರೂ ಕೇಳದವಳ ಮಾತನ್ನು ಈಗ ಎಲ್ಲರೂ ಕೇಳಲೇಬೇಕು. ಅವರು ಅಳುತ್ತಾರೆ, ನಡುಗುತ್ತಾರೆ, ಪಶ್ಚಾತ್ತಾಪ ಪಡುತ್ತಾರೆ. ನೊಂದ ಮಗುವಿಗೆ 'ನಾನು ಹೋದಮೇಲೆ ಇವರಿಗೆಲ್ಲಾ ಗೊತ್ತಾಗುತ್ತೆ' ಅನ್ನೋ ಯೋಚನೆ ಮೊದಲೇ ಬಂದಿದ್ದರೆ, ಈ ಪುಸ್ತಕ ಅದಕ್ಕೆ ಹೌದು ಅಂದ ಹಾಗಾಗುತ್ತದೆ. ಅದು ಸುಳ್ಳು. ಸತ್ತವರಿಗೆ ಯಾರ ಪಶ್ಚಾತ್ತಾಪವೂ ಕಾಣಲ್ಲ. ಹ್ಯಾನಾ ಕೇಳಿಸಿಕೊಳ್ಳದ ಜಾಗದಲ್ಲಿ ಕ್ಲೇ ಅಳುತ್ತಿದ್ದಾನೆ. ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು, ಓದುವ ಭರದಲ್ಲಿ ಅದು ಅವರ ಗಮನಕ್ಕೆ ಬರಲ್ಲ.

ಇನ್ನೂ ಒಂದು ಕೊರತೆ. ಹದಿಮೂರು ಜನರನ್ನು ಹದಿಮೂರು ಕಾರಣ ಅಂತ ಸಾಲಾಗಿ ಇಟ್ಟರೆ, ಅವರೇ ಅವಳನ್ನು ಕೊಂದರು ಅನ್ನೋ ಲೆಕ್ಕ ಬರುತ್ತದೆ. ನಿಜದಲ್ಲಿ ಹಾಗೆ ಲೆಕ್ಕ ಸಿಗಲ್ಲ. ಖಿನ್ನತೆ ಅನ್ನೋ ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆ ಇದೆ ಅನ್ನೋ ವಿಷಯ ಈ ಪುಸ್ತಕದಲ್ಲಿ ಇಲ್ಲ ಅಂದರೂ ಸರಿ. ಕೊನೆಗೆ ಹ್ಯಾನಾ ಸಹಾಯ ಕೇಳಿಕೊಂಡು ಮಿಸ್ಟರ್ ಪೋರ್ಟರ್ ಅನ್ನೋ ಮೇಷ್ಟ್ರ ಹತ್ತಿರ ಹೋಗುತ್ತಾಳೆ. ಅವರು ಅದನ್ನೆಲ್ಲ ಬಿಟ್ಟು ಮುಂದಕ್ಕೆ ಹೋಗು ಅನ್ನುವ ರೀತಿಯಲ್ಲಿ ಮಾತಾಡಿ ಕಳಿಸುತ್ತಾರೆ. ಮೇಷ್ಟ್ರಾಗಿ ಆ ಪುಟಗಳನ್ನು ಓದೋದು ನನಗೆ ಕಷ್ಟ. ಹೀಗೆ ಆಗುತ್ತದೆ, ನಿಜ. ಆದರೆ ದೊಡ್ಡವರ ಹತ್ತಿರ ಹೋಗಿ ಏನೂ ಪ್ರಯೋಜನ ಇಲ್ಲ ಅಂತ ಮಗು ತೀರ್ಮಾನ ಮಾಡಿಕೊಂಡರೆ ಅದಕ್ಕಿಂತ ಅಪಾಯ ಬೇರೆ ಇಲ್ಲ.

ನಿಮ್ಮ ಭಯಕ್ಕೆ ಕಾರಣವಾದ ಸುದ್ದಿಗಳು ಹೆಚ್ಚಾಗಿ ಪುಸ್ತಕದ್ದಲ್ಲ, ನೆಟ್‌ಫ್ಲಿಕ್ಸ್ ಸರಣಿಯದ್ದು. ಅದು 2017ರ ಮಾರ್ಚ್ ಕೊನೆಯಲ್ಲಿ ಬಂತು. ಸಾವಿನ ದೃಶ್ಯವನ್ನು ನೇರವಾಗಿ ತೋರಿಸಿದರು. ತಜ್ಞರು ಬೇಡ ಅಂತ ಬಹಳ ಹೇಳಿದ ಮೇಲೆ 2019ರ ಜುಲೈನಲ್ಲಿ ಆ ದೃಶ್ಯ ತೆಗೆದರು. 2017ರ ಏಪ್ರಿಲ್‌ನಲ್ಲಿ ಅಮೆರಿಕದ 10ರಿಂದ 17 ವರ್ಷದವರಲ್ಲಿ ಆತ್ಮಹತ್ಯೆ ಪ್ರಮಾಣ 28.9% ಏರಿತ್ತು ಅಂತ 2019ರ ಒಂದು ಅಧ್ಯಯನ ಹೇಳಿತು. ಆಮೇಲೆ ಅದೇ ಅಂಕಿಗಳನ್ನು ಮತ್ತೆ ಪರೀಕ್ಷಿಸಿದ ಇನ್ನೊಬ್ಬ ಸಂಶೋಧಕರು, ಇದನ್ನು ಸರಣಿಯ ತಲೆಗೆ ಕಟ್ಟಲು ಆಧಾರ ಸಾಲದು ಅಂದರು. ಹಾಗಾಗಿ ಆ ಒಂದು ಸಂಖ್ಯೆ ಹಿಡಿದು ಹೆದರಬೇಡಿ. ಸರಣಿಯನ್ನು ಮಾತ್ರ ಅವಳು ಈಗ ನೋಡದಿದ್ದರೆ ಒಳ್ಳೆಯದು ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಪುಸ್ತಕ ಓದುವಾಗ ಮಗು ಬೇಕೆಂದಲ್ಲಿ ನಿಲ್ಲಿಸಬಹುದು, ಪುಟ ಹಾರಿಸಬಹುದು. ಪರದೆ ಹಾಗಲ್ಲ.

ಪುಸ್ತಕವನ್ನು ತಡೆಯುವ ಪ್ರಯತ್ನ ಅಲ್ಲೂ ಸಾಕಷ್ಟು ನಡೆದಿದೆ. 2017ರಲ್ಲಿ ಅಮೆರಿಕದ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯಲ್ಲಿ ಇದೇ ಮೊದಲನೆಯದು. ಮಕ್ಕಳು ಓದೋದು ಮಾತ್ರ ನಿಲ್ಲಲಿಲ್ಲ. ಕದ್ದು ಓದುವ ಮಗು ಮನಸ್ಸಿಗೆ ಕಷ್ಟವಾದಾಗ ಯಾರನ್ನೂ ಕೇಳುವ ಹಾಗಿಲ್ಲ, ಕೇಳಿದರೆ ಓದಿದ್ದು ಗೊತ್ತಾಗಿಬಿಡುತ್ತದೆ ಅಲ್ವಾ? ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು. ಹರೆಯದವರಿಗೆ ಅಂತಲೇ ಇಂಥ ವಿಷಯ ಬರೆದ ಕಾದಂಬರಿಗಳು ಕನ್ನಡದಲ್ಲಿ ತೀರಾ ಕಡಿಮೆ. ಹಾಗಾಗಿ ಮಗು ಇಂಗ್ಲಿಷಿನಲ್ಲಿ ಓದುತ್ತದೆ, ಮನೆಯಲ್ಲಿ ಆ ಪುಸ್ತಕ ಓದಿದವರು ಇರಲ್ಲ, ಮಾತು ಶುರುವಾಗೋದೇ ಇಲ್ಲ.

ಪುಸ್ತಕದೊಳಗೇ ಒಂದು ಸನ್ನಿವೇಶ ಇದೆ. ಹ್ಯಾನಾ ಹೆಸರು ಬರೆಯದೆ ಒಂದು ಚೀಟಿ ಹಾಕುತ್ತಾಳೆ, ಕ್ಲಾಸಿನಲ್ಲಿ ಆತ್ಮಹತ್ಯೆ ಬಗ್ಗೆ ಮಾತಾಡೋಣ ಅಂತ. ಟೀಚರ್ ಓದುತ್ತಾರೆ. ಯಾರು ಬರೆದಿದ್ದು ಅಂತ ಗೊತ್ತಿಲ್ಲದೆ ಏನು ಮಾತಾಡೋದು ಅಂತ ಕ್ಲಾಸು ಗೊಣಗುತ್ತದೆ. ಎಲ್ಲರ ಗಮನ ಸೆಳೆಯೋಕೆ ಯಾರೋ ಹಾಕಿದ್ದಾರೆ ಅನ್ನೋ ಮಾತೂ ಬರುತ್ತದೆ. ಹ್ಯಾನಾ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಾಳೆ. ಆತ್ಮಹತ್ಯೆ ಸುದ್ದಿ ಬಂದಾಗ ಊಟಕ್ಕೆ ಕೂತು ನಾವು ಆಡುವ ಮಾತುಗಳನ್ನು ನೆನಪು ಮಾಡಿಕೊಳ್ಳಿ. 'ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ', 'ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡಬಾರದಿತ್ತಾ'. ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಸಮಯದಲ್ಲಂತೂ ಇದು ಜಾಸ್ತಿ. ಪಕ್ಕದಲ್ಲಿ ಕೂತ ಮಗು ಅದನ್ನು ಕೇಳಿಸಿಕೊಂಡು, ಇವರ ಹತ್ತಿರ ಹೇಳಬಾರದು ಅಂತ ನಿರ್ಧರಿಸಿರುತ್ತದೆ. ಈ ಸನ್ನಿವೇಶವನ್ನು ನೀವು ಓದಿ. ಇಡೀ ಪುಸ್ತಕ ಆಗದಿದ್ದರೂ ಇಷ್ಟು ಓದಿ.

ಆಶರ್ ಮೊದಲು ಬರೆದ ಕೊನೆಯಲ್ಲಿ ಹ್ಯಾನಾ ಬದುಕುಳಿಯುತ್ತಾಳೆ ಅಂತ ನಿಮಗೆ ಗೊತ್ತಾ? ಆಮೇಲೆ ಬದಲಿಸಿದರು. ಹತ್ತನೇ ವರ್ಷದ ವಿಶೇಷ ಆವೃತ್ತಿಯಲ್ಲಿ ಆ ಹಳೆಯ ಕೊನೆಯನ್ನೂ ಅಚ್ಚು ಹಾಕಿದ್ದಾರೆ. ಸಿಕ್ಕರೆ ಅದನ್ನೇ ಕೊಡಿಸಿ. ಕಷ್ಟದ ಅಂಚಿಗೆ ಹೋಗಿ ಬದುಕಿನ ಕಡೆ ತಿರುಗಿದವರ ಕಥೆಗಳು ಜೀವ ಕಾಯಬಹುದು ಅಂತ ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ತೋರಿಸಿದರು. ಅದನ್ನು ಪಾಪಗೇನೋ ಪರಿಣಾಮ ಅಂತ ಕರೆದರು. ಪಾಪಗೇನೋ ಮೊಜಾರ್ಟ್‌ನ ಒಂದು ಒಪೆರಾದ ಪಾತ್ರ. ಸಾಯಲು ಹೊರಟವನನ್ನು ಮೂವರು ಹುಡುಗರು ತಡೆದು ಬೇರೆ ದಾರಿ ತೋರಿಸುತ್ತಾರೆ. ಮಗಳ ಮುಂದಿನ ಪುಸ್ತಕ ಆರಿಸುವಾಗ ಇದು ನೆನಪಿರಲಿ.

ಅಚ್ಚಾದ ಕಾದಂಬರಿಯಲ್ಲೂ ಕೊನೇ ಪುಟಗಳು ನನಗೆ ಇಷ್ಟ. ಕ್ಲೇ ಶಾಲೆಯಲ್ಲಿ ಸ್ಕೈ ಅನ್ನೋ ಹುಡುಗಿಯನ್ನು ನೋಡುತ್ತಾನೆ. ಅವಳೂ ಎಲ್ಲರಿಂದ ದೂರ ಸರಿದಿದ್ದಾಳೆ. ಇಷ್ಟು ದಿನ ಸುಮ್ನೆ ಇದ್ದವನು ಈಗ ಹಿಂದೆಯೇ ಹೋಗಿ ಅವಳ ಹೆಸರು ಹಿಡಿದು ಕರೆಯುತ್ತಾನೆ. ಹ್ಯಾನಾ ಜೊತೆ ಅಳೋದರಲ್ಲೇ ಮುಳುಗಿದ ಓದುಗರಿಗೆ ಈ ಪುಟ ತಪ್ಪಿಹೋಗುತ್ತದೆ. ನಿಮ್ಮ ಮಗಳಿಗೆ ತಪ್ಪದಿರಲಿ.

ಇನ್ನು ಮಾತಿನ ವಿಷಯ. 'ನಿನಗೂ ಹಾಗೆಲ್ಲಾ ಅನ್ನಿಸಿದೆಯಾ' ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗಲ್ಲ. ನೇರವಾಗಿ, ಮೆತ್ತಗೆ ಕೇಳೋದೇ ಸರಿ ಅಂತ ಮನೋವೈದ್ಯರು ಹೇಳುತ್ತಾರೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳೂ ಮಾಡಬಹುದು, ನೀವೂ ಮಾಡಬಹುದು. ಈ ಉತ್ತರ ಓದುತ್ತಿರುವ ಯಾರಿಗಾದರೂ ಮನಸ್ಸು ಅಷ್ಟು ಭಾರವಾಗಿದ್ದರೆ, ಅವರಿಗೂ ಇದೇ ನಂಬರ್.

ಈಗಲೇ ಅಷ್ಟು ನೋವಿನಲ್ಲಿರುವ ಮಗು, ಅಂದರೆ ಯಾರ ಜೊತೆಗೂ ಸೇರದೆ, ಊಟ ನಿದ್ದೆ ಕೆಟ್ಟು, 'ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೇದು' ಅನ್ನುವ ಮಗು ಆಗಿದ್ದರೆ ನನ್ನ ಉತ್ತರ ಬೇರೆ. ಆಗ ಈ ಪುಸ್ತಕ ಸದ್ಯಕ್ಕೆ ಬೇಡ, ಮೊದಲು ವೈದ್ಯರು. ನೀವು ಬರೆದಿರೋದು ನೋಡಿದರೆ ನಿಮ್ಮ ಮಗಳು ಹಾಗಿದ್ದಾಳೆ ಅನ್ನಿಸಲಿಲ್ಲ. ಗೆಳತಿಯರೆಲ್ಲಾ ಓದಿದ್ದಾರೆ ಅಂತ ಓದುತ್ತಿದ್ದಾಳೆ.

ಹಾಗಾಗಿ ಇವತ್ತು ರಾತ್ರಿ ಅವಳನ್ನೇ ಕೇಳಿ, ಎಲ್ಲಿವರೆಗೆ ಬಂದೆ, ಕಥೆ ಹೇಳು ಅಂತ. ಮಕ್ಕಳಿಗೆ ಕಥೆ ಹೇಳೋದು ಇಷ್ಟ. ಮಧ್ಯೆ ಬುದ್ಧಿ ಹೇಳಬೇಡಿ. ಪೋರ್ಟರ್ ಮೇಷ್ಟ್ರ ಭಾಗ ಬಂದಾಗ ಮಾತ್ರ ಒಂದು ಪ್ರಶ್ನೆ ಕೇಳಿ: 'ನೀನಾಗಿದ್ರೆ ಯಾರ ಹತ್ರ ಹೋಗ್ತಿದ್ದೆ?' ಅವಳು ಚಿಕ್ಕಮ್ಮ ಅನ್ನಬಹುದು, ಟ್ಯೂಷನ್ ಟೀಚರ್ ಅನ್ನಬಹುದು, ನಿಮ್ಮ ಹೆಸರು ಹೇಳದೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಅವಳು ಹೇಳಿದವರ ಹತ್ತಿರ ನೀವೇ ಹೋಗಿ ಮಾತಾಡಿ, ಅವಳು ಯಾವಾಗ ಫೋನ್ ಮಾಡಿದರೂ ಎತ್ತಿ ಅಂತ ಹೇಳಿಬನ್ನಿ.